ಮೇಪಲ್ ಸೌದೆ ಮನೆ ಗೇಟ್ ದಾಟೋದು ಬೇಡ

ಅಕ್ಕಾ, ನಿಮ್ಮ ಮೆಸೇಜ್ ನೋಡ್ದೆ. ಹಿತ್ತಲಿನ ಬಾಕ್ಸ್ ಎಲ್ಡರ್ ಮೇಪಲ್ ಮೇಲಿಂದ ಒಣಗ್ತಿದೆ, ಕಡಿಸಿ ಸೌದೆನ ದಕ್ಷಿಣದ ಮಾರ್ಗರೆಟ್ ರಿವರ್ ಊರಿನ ಕ್ಯಾಂಪಿಗೆ ಒಯ್ಯೋಣ ಅಂದ್ರಲ್ಲ, ದಯವಿಟ್ಟು ಅದೊಂದು ಬೇಡ. ಪರ್ತ್‌ನಲ್ಲಿ 2021ರಲ್ಲಿ ಶಾಟ್ ಹೋಲ್ ಬೋರರ್ ದುಂಬಿ ಹರಡೋ ಮರದ ರೋಗ (ನಿಮ್ಮ ಮರಕ್ಕೂ ಅದೇ ಇರಬಹುದು) ಮೊದಲು ಸಿಕ್ಕಿದ್ದೇ ಈಸ್ಟ್ ಫ್ರೀಮ್ಯಾಂಟಲ್‌ನ ಒಂದು ಹಿತ್ತಲಲ್ಲಿ, ಇದೇ ಜಾತಿ ಮೇಪಲ್‌ನಲ್ಲಿ.

ಮರ ಸಾಯಿಸೋದು ಮುಖ್ಯವಾಗಿ ಫ್ಯುಸೇರಿಯಂ ಅನ್ನೋ ಶಿಲೀಂಧ್ರ. ಅದನ್ನ ಹೊತ್ತು ತರೋದು ಶಾಟ್ ಹೋಲ್ ಬೋರರ್ ದುಂಬಿ, ಉದ್ದ ಬರೀ 2 ಮಿಲಿಮೀಟರ್. ಹೆಣ್ಣು ದುಂಬಿ ಬಾಯೊಳಗಿನ ಚೀಲದಲ್ಲಿ ಬೂಷ್ಟು ತಂದು, ಸುರಂಗ ಕೊರೆದು, ಅದರ ಗೋಡೆ ಮೇಲೆ ಬೆಳೆಸುತ್ತೆ. ತಾನೂ ಮರಿಗಳೂ ತಿನ್ನೋದು ಆ ಬೂಷ್ಟನ್ನೇ, ಮರನಲ್ಲ. ಬೂಷ್ಟು ನೀರಿನ ನಾಳ ಕಟ್ಟಿಬಿಟ್ರೆ ಮೇಲಿನ ಕೊಂಬೆ ಒಣಗುತ್ತೆ. ಹೊರಗಿಂದ ಔಷಧಿ ಹೊಡೆದ್ರೂ ಒಳಗಿರೋ ಹುಳಕ್ಕೆ ತಗಲಲ್ಲ. ಕೊಡಗಿನ ಕಡೆಯವರಿಗೆ ರೊಬಸ್ಟಾ ರೆಂಬೆ ಕೊರೆಯೋ ಹುಳ ಗೊತ್ತಲ್ಲ, ಇದು ಅದರ ನೆಂಟ.

ಈಗ ಮರದ ಹತ್ರ ಹೋಗಿ ಕಾಂಡ, ದಪ್ಪ ಕೊಂಬೆ ಎರಡೂ ನೋಡಿ. ಬಾಲ್‌ಪೆನ್ ತುದಿಯಷ್ಟೇ ದುಂಡಗಿನ ತೂತು ಇದ್ಯಾ? ಸುತ್ತ ಕಪ್ಪಗೆ ಒದ್ದೆ ಕಲೆ, ಅಂಟು, ಇಲ್ಲಾ ಸಣ್ಣ ಹೊಟ್ಟು ಕಡ್ಡಿ ಥರ ಚಾಚಿಕೊಂಡಿದ್ಯಾ? ಒಂದು ತೂತಿನ ಪಕ್ಕ ಮಾತ್ರ ತೊಗಟೆ ತೆಳ್ಳಗೆ ಹೆರೆದು ನೋಡಿ, ಕಂದು ಕಲೆ ಕಂಡ್ರೆ ಅನುಮಾನ ಗಟ್ಟಿ. ಚಾಕುನ 70% ಆಲ್ಕೋಹಾಲ್‌ನಲ್ಲಿ ಒರೆಸಿಬಿಡಿ. ತೂತಿನ ಪಕ್ಕ ಪೆನ್ ಹಿಡಿದು ಫೋಟೋ ತೆಗೆದು, ಇಲ್ಲಿನ ಕೃಷಿ ಇಲಾಖೆಗೆ ಕೀಟದ ವರದಿ ಕಳ್ಸೋ ಮೈಪೆಸ್ಟ್‌ಗೈಡ್ ರಿಪೋರ್ಟರ್ ಆಪ್‌ನಲ್ಲಿ ಕಳ್ಸಿ. ಉತ್ತರ ಬರೋವರೆಗೂ ಗರಗಸ ಮುಟ್ಟಿಸ್ಬೇಡಿ. ಹಿಪ್ಪುನೇರಳೆ, ಹಾಲುವಾಣ, ಹರಳು ಗಿಡ ಇದ್ರೆ ಅವನ್ನೂ ನೋಡಿ, ಅವಕ್ಕೂ ಬರುತ್ತೆ.

ಸೌದೆ ವಿಷಯ ಯಾಕಿಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಹೆಣ್ಣು ದುಂಬಿ ಸುರಂಗದೊಳಗೇ ಅಣ್ಣತಮ್ಮಂದಿರ ಜೊತೆ ಕೂಡಿ ಹೊರಗೆ ಬರುತ್ತೆ. ಹೊಸ ಊರಲ್ಲಿ ಸಂತತಿ ಶುರುವಾಗೋಕೆ ಒಂದೇ ಒಂದು ಸಾಕು. ಕಡಿದ ದಿಮ್ಮಿಯಲ್ಲಿ ತೇವ ಇರೋವರೆಗೂ ಮರಿ ಹಾಕ್ತಾನೇ ಇರುತ್ತೆ. ನಿರ್ಮೂಲನೆ ಸಾಧ್ಯ ಇಲ್ಲ ಅಂತ 2025ರಲ್ಲೇ ತೀರ್ಮಾನ ಆಗಿದೆ, ಹಾಗಾಗಿ ದಕ್ಷಿಣದ ಕಾಡು ಉಳಿಯೋದು ನಾವು ಮರ ಸಾಗಿಸದೇ ಇದ್ರೇನೇ.

ಕಡಿಸಲೇಬೇಕು ಅಂತಾದ್ರೆ ಮರ ಕಡಿಯೋರಿಗೆ ಮೊದಲೇ ಹೇಳಿ, ಚಿಪ್ಪರ್‌ಗೆ ಹಾಕಿ 2.5 ಸೆಂಟಿಮೀಟರ್‌ಗಿಂತ ಚಿಕ್ಕ ಚೂರು ಮಾಡ್ಬೇಕು. ದಪ್ಪ ತುಂಡಲ್ಲಿ ಸುರಂಗ ಹಾಗೇ ಉಳಿಯುತ್ತೆ. ಮೆಷಿನ್ ಹೊರಡೋ ಮುಂಚೆ ಮರದ ಹೊಟ್ಟನ್ನೆಲ್ಲ ಗುಡಿಸಿ ತೆಗೆಸಿ. ಕ್ಯಾಂಪಿಗೆ ಸೌದೆ ಅಲ್ಲೇ ಕೊಳ್ಳೋಣ, ಆ ಖರ್ಚು ಗ್ರೂಪಿನದ್ದು.