ಕಂಪನಿ 118 ಅಂತಾರ, ರೋಲರ್ ಮ್ಯಾಲೆ 92 ಬಂತು

ಪ್ರಶ್ನೆ (ಚಿಂಚವಡದಿಂದ, ಊರು ಹುಬ್ಬಳ್ಳಿ):
ಅಣ್ಣಾರ, ನಮಸ್ಕಾರ. ನನ್ನ ಹತ್ರ 2010ರ ಹೋಂಡಾ ಸಿಟಿ ಐ-ವಿಟೆಕ್ ಐತಿ, 1.5 ಪೆಟ್ರೋಲ್, ಮ್ಯಾನ್ಯುವಲ್. 1 ಲಕ್ಷ 10 ಸಾವಿರ ಕಿ.ಮೀ. ಓಡೇತಿ. ಹೋದ ತಿಂಗಳು ಮೇ ಬಿಸಲಾಗ ಇಲ್ಲೇ ಪುಣೆದಾಗ ಡೈನೋಕ್ಕ (ರೋಲರ್ ಮ್ಯಾಲೆ ಚಕ್ರ ಓಡಿಸಿ ಕುದುರಿ-ಶಕ್ತಿ ಅಳಿಯೋ ಯಂತ್ರ) ಹತ್ತಿಸಿದೆ. 92 ಬಂತು. ಕಂಪನಿಯವ್ರು 118 ಅಂತಾರ. ಉಳದ 26 ಕುದುರಿ ಎಲ್ಲಿ ಹೋದ್ವು? ಅಲ್ಲಿ ಗ್ಯಾರೇಜಿನವ್ರು ಕೋನ್ ಫಿಲ್ಟರ್ (ಡಬ್ಬಿ ಇಲ್ಲದ ಗಾಳಿ ಫಿಲ್ಟರ್), ಹೆಡರ್ (ಎಂಜಿನ್ನಿನ ಹೊಗಿ ಹೊರಗ ಒಯ್ಯೋ ಪೈಪ್), ದೊಡ್ಡ ಸೈಲೆನ್ಸರ್, ರಿಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸೋದು) ಎಲ್ಲಾ ಸೇರಿಸಿ 30 ಏರಿಸಿ ಕೊಡ್ತೀವಿ ಅಂದ್ರು. ರೊಕ್ಕ ಹಾಕಬೇಕೋ ಬ್ಯಾಡೋ? ಗಾಡಿ ಮಾರಾಕ ಮನಸಿಲ್ಲ. ಟರ್ಬೋ ಗಾಡಿ ಅಂತೂ ಒಲ್ಲೆ.

ಉತ್ತರ (ಭೋಸರಿಯಲ್ಲಿ ಟ್ಯೂನಿಂಗ್ ಗ್ಯಾರೇಜು, ಊರು ಕುಂದಾಪುರ):
ಮೊದಲು ಕುದುರೆ ಎಣಿಸುವ. ಕಂಪನಿ 118 ಹೇಳುವುದು ಪಿಎಸ್ (ಮೆಟ್ರಿಕ್ ಕುದುರೆ) ಲೆಕ್ಕದಲ್ಲಿ. ಬಿಎಚ್‌ಪಿಗೆ ತಂದರೆ 116. ಅದೂ ಎಂಜಿನ್ ಒಂದನ್ನೇ ಬೆಂಚಿನ ಮೇಲೆ ಇಟ್ಟು ಅಳೆದದ್ದು. ನೀವು ಅಳೆಸಿದ್ದು ಚಕ್ರದಲ್ಲಿ. ನಡುವೆ ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ಬೇರಿಂಗ್, ಬೆಲ್ಟ್ ಬಿಗಿದು ರೋಲರಿಗೆ ಒತ್ತಿ ಹಿಡಿದ ಟೈರು, ಎಲ್ಲಕ್ಕೂ ಪಾಲು ಹೋಗುತ್ತದೆ. ಇಂಥ ಗಾಡಿಗೆ ನಾನು 12ರಿಂದ 15 ಪರ್ಸೆಂಟ್ ಹಿಡಿಯುತ್ತೇನೆ. ಅಲ್ಲಿಗೆ 101ರ ಆಸುಪಾಸು ಉಳಿಯಿತು.

ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಗಾಳಿಯ ಒತ್ತಡ ಮುಂಬಯಿಗಿಂತ 6 ಪರ್ಸೆಂಟಿನಷ್ಟು ಕಮ್ಮಿ. ಟರ್ಬೋ ಇದ್ದರೆ ಅದನ್ನು ಒಂದಿಷ್ಟು ತುಂಬಿಸಿಕೊಳ್ಳುತ್ತದೆ. ಎನ್‌ಎ, ಅಂದರೆ ಟರ್ಬೋ ಇಲ್ಲದ ಎಂಜಿನ್ನಿಗೆ ಹೊರಗೆ ಇರುವ ಗಾಳಿಯೇ ಗತಿ. 95 ಆಯಿತು. ಮೇ ಮಧ್ಯಾಹ್ನ ಶೆಡ್ಡಿನೊಳಗೆ 38 ಡಿಗ್ರಿ ಅಂದರೆ ಇನ್ನೆರಡು ಬಿಡಿ, 93.

ಆದರೆ ಈ ಲೆಕ್ಕ ನಿಲ್ಲುವುದು ನಿಮ್ಮ ಡೈನೋ ಶೀಟಿನಲ್ಲಿ 'ಅನ್‌ಕರೆಕ್ಟೆಡ್' ಎಂದು ಇದ್ದರೆ ಮಾತ್ರ. 'ಎಸ್‌ಎಇ' ಎಂದಿದ್ದರೆ ಎತ್ತರಕ್ಕೂ ಸೆಕೆಗೂ ಆಗಬೇಕಾದದ್ದನ್ನು ಕಂಪ್ಯೂಟರ್ ಆಗಲೇ ಕೂಡಿಸಿಯೇ 92 ತೋರಿಸಿದೆ. ಆಗ 9 ಕುದುರೆ ನಿಜವಾಗಿಯೂ ಕಾಣೆ. ಶೀಟಿನ ಕೆಳಗಿನ ಮೂಲೆಯ ಫೋಟೋ ಹಾಕಿ.

ಪ್ರಶ್ನೆ ಕೇಳಿದವರು:
ನೋಡಿದೆ ಅಣ್ಣಾರ. ಸಣ್ಣ ಅಕ್ಷರದಾಗ ಎಸ್‌ಎಇ ಅಂತ ಐತಿ.

ಉತ್ತರ:
ಹಾಗಾದರೆ ಹೊಸ ಸಾಮಾನು ಏನೂ ತರಬೇಡಿ. ಟ್ಯಾಪೆಟ್ (ವಾಲ್ವಿನ ಸಂದು) ಕೊನೆಯ ಸಲ ಯಾವಾಗ ಸೆಟ್ ಮಾಡಿಸಿದ್ದು? ಈ ಎಂಜಿನ್ನಿನಲ್ಲಿ ಅದು ತಾನಾಗಿ ಸರಿಹೋಗುವುದಿಲ್ಲ, ಸ್ಕ್ರೂ ತಿರುಗಿಸಿ ಮಾಡುವಂಥದ್ದು. 'ಸದ್ದಿಲ್ಲ, ಅಂದರೆ ಚೆನ್ನಾಗಿದೆ' ಎಂದು ಬಿಟ್ಟಿರುತ್ತಾರೆ. ಎಕ್ಸಾಸ್ಟ್ ವಾಲ್ವು ಸವೆಯುತ್ತಾ ಬಂದ ಹಾಗೆ ಸಂದು ಬಿಗಿಯಾಗುತ್ತದೆ, ಸದ್ದು ಇನ್ನೂ ಕಮ್ಮಿಯಾಗುತ್ತದೆ, ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಗಾಡಿ ರಾತ್ರಿ ಅಲ್ಲೇ ಬಿಟ್ಟು, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸಂದು ಅಳೆಯುವ ಫೀಲರ್ ಗೇಜ್ ಹಾಕಿಸಿ. ಜೊತೆಗೆ ಕಂಪ್ರೆಶನ್, ಪ್ಲಗ್, ಥ್ರಾಟಲ್ ಬಾಡಿ ನೋಡಿಸಿ.

ಈಗ 30ರ ವಿಷಯ. ಟರ್ಬೋ ಇಲ್ಲದ ಎಂಜಿನ್ ಲೀಟರಿಗೆ ಸುಮಾರು 100 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ ಅದು ಚೆನ್ನಾಗಿ ಮಾಡಿದ ಎಂಜಿನ್. ನಿಮ್ಮ ಸಿಟಿಯದ್ದು 1.5 ಲೀಟರಿಗೆ 146, ಅಂದರೆ ಲೀಟರಿಗೆ 97. 1999ರಲ್ಲಿ ಬಂದ ಹೋಂಡಾ ಎಸ್2000 ಇದೆಯಲ್ಲ, ಜಪಾನಿನಲ್ಲಿ ಮಾರಿದ್ದು, 2 ಲೀಟರಿಗೆ 218, ಲೀಟರಿಗೆ 109. ವ್ಯತ್ಯಾಸ ಅಷ್ಟೇ. ಆದರೂ ಅದು 250 ಪಿಎಸ್ ಕೊಡುತ್ತಿತ್ತು, ಯಾಕೆಂದರೆ ಅಷ್ಟೇ ಟಾರ್ಕನ್ನು 8300 ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ಎಳೆದುಕೊಂಡು ಹೋಗುತ್ತಿತ್ತು. ನಿಮ್ಮದು 6600ಕ್ಕೆ ಮುಗಿಯುತ್ತದೆ. ಅಷ್ಟು ಮೇಲೆ ಹೋಗಬೇಕಾದರೆ ಕ್ಯಾಮ್, ವಾಲ್ವ್ ಸ್ಪ್ರಿಂಗ್, ಪಿಸ್ಟನ್, ಹೆಡ್ ಎಲ್ಲ ಬೇರೆ ಬೇಕು. ಫಿಲ್ಟರ್ ಮತ್ತು ಸೈಲೆನ್ಸರಿನಿಂದ 30 ಬರುವುದಾದರೆ ಹೋಂಡಾದವರು ಇಷ್ಟೆಲ್ಲ ಯಾಕೆ ಒದ್ದಾಡುತ್ತಿದ್ದರು ಮಾರಾಯ್ರೆ.

ಕೋನ್ ಫಿಲ್ಟರ್ ನನಗೆ ಇಷ್ಟವಿಲ್ಲ, ಮುಚ್ಚುಮರೆ ಯಾಕೆ. ಕಂಪನಿಯ ಡಬ್ಬಿ ಮುಂದಿನಿಂದ ತಣ್ಣನೆ ಗಾಳಿ ಎಳೆಯುತ್ತದೆ. ಕೋನ್ ಕೂರುವುದು ಬಾನೆಟ್ಟಿನ ಬಿಸಿಯಲ್ಲಿ. ಹೊರಗಿಗಿಂತ 30 ಡಿಗ್ರಿ ಬಿಸಿ ಗಾಳಿ ಒಳಗೆ ಹೋದರೆ ಗಾಳಿಯ ಸಾಂದ್ರತೆ 10 ಪರ್ಸೆಂಟಿನ ಹತ್ತಿರ ಕಮ್ಮಿ. ಸದ್ದು ಜಾಸ್ತಿ, ಪಿಕಪ್ ಕಮ್ಮಿ. ಬಾನೆಟ್ ತೆರೆದು, ಮುಂದೆ ಫ್ಯಾನ್ ಹಾಕಿ ಡೈನೋ ಮಾಡಿದರೆ ಮಾತ್ರ ಅದು ಚೆಂದ ಕಾಣುತ್ತದೆ.

ಹೆಡರ್ ಹಾಕುವುದಾದರೆ 4-2-1 (ನಾಲ್ಕು ಪೈಪ್ ಮೊದಲು ಎರಡಾಗಿ, ಆಮೇಲೆ ಒಂದಾಗುವಂಥದ್ದು) ಹಾಕಿ, ಊರಿನೊಳಗೆ ಓಡಿಸಲು ಅದು ಒಳ್ಳೆಯದು. 4-1 ಮೇಲಿನ ಆರ್‌ಪಿಎಂಗೆ, ಟ್ರ್ಯಾಕಿನವರಿಗೆ. ಹೊಗೆ ಶುದ್ಧ ಮಾಡುವ ಕ್ಯಾಟ್ ಕನ್ವರ್ಟರ್ ಕಿತ್ತುಹಾಕುತ್ತೇವೆ ಎಂದರೆ ಒಪ್ಪಬೇಡಿ. ಚೆಕ್ ಎಂಜಿನ್ ದೀಪ, ಪಿಯುಸಿ, ಇನ್ಶೂರೆನ್ಸ್, ಎಲ್ಲದಕ್ಕೂ ತಕರಾರು. ಗಾಡಿಯಲ್ಲಿ ಮಾಡುವ ಬದಲಾವಣೆಯ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಂದು ಸಲ ಓದಿಕೊಳ್ಳಿ.

ರಿಮ್ಯಾಪ್ ಮಾತ್ರ, ಮಾಡುವವನು ಬಲ್ಲವನಾದರೆ, ಕೆಲಸದ್ದು. ಹೋದ ವರ್ಷ ನನ್ನ ಹತ್ತಿರ ಹಳೇ ಮಾಡೆಲಿನ ಸಿಟಿ ವಿಟೆಕ್ ಒಂದು ಬಂತು, ಬೇರೆ ಇಸಿಯು (ಎಂಜಿನ್ ಕಂಪ್ಯೂಟರ್) ಹಾಕಿದ್ದು. ಹಿಂದೆ ಟ್ಯೂನ್ ಮಾಡಿದವರು ವಿಟೆಕ್ಕನ್ನು, ಅಂದರೆ ವಾಲ್ವು ತೆರೆಯುವ ಸಣ್ಣ ಕ್ಯಾಮಿನಿಂದ ದೊಡ್ಡ ಕ್ಯಾಮಿಗೆ ಬದಲಾಗುವುದನ್ನು, 5400 ಆರ್‌ಪಿಎಂಗೆ ಇಟ್ಟಿದ್ದರು. ಓನರಿಗೆ ಬಹಳ ಖುಷಿ, 'ಹಿಂದಿನಿಂದ ಒದ್ದ ಹಾಗೆ ಆಗುತ್ತೆ ಸರ್' ಅಂತ. ನಾನು ಒಂದು ರನ್ ಪೂರ್ತಿ ಸಣ್ಣ ಕ್ಯಾಮಿನಲ್ಲೇ ಹೊಡೆದೆ, ಇನ್ನೊಂದು ಮೊದಲಿಂದಲೇ ದೊಡ್ಡ ಕ್ಯಾಮಿನಲ್ಲಿ. ಎರಡೂ ಗ್ರಾಫ್ ಒಂದರ ಮೇಲೊಂದು ಇಟ್ಟು ನೋಡಿದರೆ ಗೆರೆಗಳು ಕೂಡುವುದು 4700ರ ಹತ್ತಿರ. ಅಲ್ಲಿಂದ 5400ವರೆಗೆ ಟಾರ್ಕಿನಲ್ಲಿ ಒಂದು ಗುಂಡಿ. ಅವನು ಒದೆ ಅಂದುಕೊಂಡದ್ದು ಆ ಗುಂಡಿ ಹತ್ತಿ ಮೇಲೆ ಬರುವುದನ್ನು! 4700ಕ್ಕೆ ಇಟ್ಟುಕೊಟ್ಟೆ. ಓಡಿಸಿ ಬಂದು 'ಸಪ್ಪೆ ಆಯ್ತು' ಅಂದ. ಗ್ರಾಫ್ ತೋರಿಸಿದ ಮೇಲೂ ಅರ್ಧ ಮನಸ್ಸಿನಿಂದಲೇ ದುಡ್ಡು ಕೊಟ್ಟ.

ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರುವ ಹೊತ್ತು, ಅಷ್ಟೇ ನಾಜೂಕು. ಒಂದೊಂದು ಡಿಗ್ರಿ ಮುಂದೆ ಹಾಕುತ್ತಾ ಟಾರ್ಕ್ ನೋಡುತ್ತೇನೆ, ಕಿವಿಗೆ ಹೆಡ್‌ಫೋನ್. ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದ ಸದ್ದು (ಎಂಜಿನ್ ನಾಕಿಂಗ್) ಒಂದೇ ಒಂದು ಸಲ ಕೇಳಿದರೂ ಎರಡು ಡಿಗ್ರಿ ಹಿಂದಕ್ಕೆ. ನಿಮ್ಮ ಗಾಡಿಯಲ್ಲಿ ಎಲ್ಲ ಸರಿಯಾಗಿ ಆದರೆ 5-6 ಕುದುರೆ ಸಿಗಬಹುದು, ನಡುವಿನ ಆರ್‌ಪಿಎಂನಲ್ಲಿ ಎಳೆತ ಚೆನ್ನಾಗುತ್ತದೆ.

ವಾಸ್ಕೋದಿಂದ ಒಬ್ಬರು:
ಸರ್, ಈಗ ಪಂಪಿನಲ್ಲಿ ಸಿಗುವುದೆಲ್ಲ ಇ20 (20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್). ಟ್ಯೂನ್ ಮಾಡಿಸುವವರು ಇದಕ್ಕೆ ಏನಾದರೂ ಬೇರೆ ಮಾಡಬೇಕಾ?

ಉತ್ತರ:
ಮಾಡಲೇಬೇಕು. ಬರೀ ಪೆಟ್ರೋಲಿಗೆ 1 ಕೆಜಿಗೆ 14.7 ಕೆಜಿ ಗಾಳಿ, ಇ20ಗೆ 13.5ರ ಆಸುಪಾಸು. ನಿಧಾನ ಓಡಿಸುವಾಗ ಆಕ್ಸಿಜನ್ ಸೆನ್ಸರ್ ಸರಿಮಾಡಿಕೊಳ್ಳುತ್ತದೆ. ಫುಲ್ ಥ್ರಾಟಲಿನಲ್ಲಿ ಇಸಿಯು ಹೆಚ್ಚಾಗಿ ತನ್ನ ಟೇಬಲ್ ನಂಬಿ ಹೋಗುತ್ತದೆ, ಹಳೇ ಮ್ಯಾಪ್ ಇದ್ದರೆ ಪೆಟ್ರೋಲ್ ಸಾಲದೆ ಬರುತ್ತದೆ. ಆದ್ದರಿಂದ ಟ್ಯೂನರಿಗೆ 13, 12.5 ಎಂಬ ಗಾಳಿ-ಪೆಟ್ರೋಲ್ ಲೆಕ್ಕ ಬೇಡ, ಲ್ಯಾಂಬ್ಡಾ (ಸರಿ ಮಿಶ್ರಣಕ್ಕೆ 1, ಪೆಟ್ರೋಲ್ ಹೆಚ್ಚಾದರೆ ಅದಕ್ಕಿಂತ ಕಮ್ಮಿ) ತೋರಿಸು ಅನ್ನಿ. ಫುಲ್ ಲೋಡಿನಲ್ಲಿ ನಾನು 0.87ರಿಂದ 0.90 ಇಡುತ್ತೇನೆ. ಹಳೇ ಗಾಡಿಯವರು ಫ್ಯೂಯಲ್ ಪೈಪಿನ ರಬ್ಬರನ್ನೂ ಒಮ್ಮೆ ಮುಟ್ಟಿ ನೋಡಿ.

ಮುಂಬಯಿಯ ಮಾಟುಂಗಾದಿಂದ ಒಬ್ಬರು:
ಅಂದರೆ ಖಂಡಾಲಾ ಘಾಟಿ ಇಳಿದು ನಮ್ಮ ಕಡೆ ಬಂದರೆ 6 ಪರ್ಸೆಂಟ್ ಪುಕ್ಕಟೆ!

ಉತ್ತರ:
ಹೌದು ಮಾರಾಯ್ರೆ, ಟ್ರಾಫಿಕ್ಕಿನಲ್ಲಿ ನಿಂತುಕೊಂಡು ಅನುಭವಿಸಿ. ಒಂದು ಮಾತು: ಬಂಪರ್ ಕೆಳಗೆ ಇಳಿಸುವ ಉದ್ದದ ಇಂಟೇಕ್ ಪೈಪ್ ಹಾಕಿಸಿಕೊಂಡವರು ಜುಲೈಯಲ್ಲಿ ಮಳೆನೀರು ನಿಲ್ಲುವ ಹಿಂದ್‌ಮಾತಾ ಕಡೆ ಹೋಗಬೇಡಿ. ಸಿಲಿಂಡರಿಗೆ ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಪ್ರಶ್ನೆ ಕೇಳಿದವರು (ಎರಡು ವಾರ ಬಿಟ್ಟು):
ಅಣ್ಣಾರ, ಟ್ಯಾಪೆಟ್ ತಗಸಿ ನೋಡಿಸಿದೆ. ಎಕ್ಸಾಸ್ಟ್ ಕಡೆ ಮೂರು ಬಿಗಿ ಇದ್ವು, ಒಂದರಾಗ ಗೇಜ್ ಹೋಗಲೇ ಇಲ್ಲ. ಪ್ಲಗ್ ಹೊಸಾವು ಹಾಕಿಸಿದೆ. ಅದೇ ರೋಲರ್, ಅದೇ ನಾಕನೇ ಗೇರು, ಟೈರಿನ ಗಾಳಿ ಸುದ್ದಾ ಅಷ್ಟೇ. ಎಸ್‌ಎಇ 99 ಬಂತು! ಈಗ ರಿಮ್ಯಾಪ್ ಮಾಡಸ್ಲೇನು?

ಉತ್ತರ:
ಒಂದು ಸಾವಿರ ಕಿ.ಮೀ. ಓಡಿಸಿ, ಮತ್ತೊಮ್ಮೆ ತಣ್ಣಗಿರುವಾಗ ಆ ಗೇಜ್ ಹೋಗದ ವಾಲ್ವಿನ ಸಂದು ನೋಡಿಸಿ. ಪುನಃ ಬಿಗಿಯಾಗಿದ್ದರೆ ಹೆಡ್ ಬಿಚ್ಚಬೇಕಾದೀತು. ಇಲ್ಲದಿದ್ದರೆ ಎರಡೂ ಶೀಟ್ ಹಿಡಿದುಕೊಂಡು ಬನ್ನಿ, ಬೆಳಿಗ್ಗೆ ಎಂಟಕ್ಕೆ, ಸೆಕೆ ಏರುವ ಮೊದಲು.