ಪದಚರ್ಚೆ: ಸ್ಕ್ರೀನ್‌ಶಾಟ್, ಸ್ನ್ಯಾಪ್‌ಶಾಟ್, ವ್ಯೂಪೋರ್ಟ್ – ಎಐ ಏಜೆಂಟಿನ ಉಪಕರಣದ ಕೈಪಿಡಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಎಐ ಏಜೆಂಟ್ ತಾನೇ ಬ್ರೌಸರ್ ತೆರೆದು ಜಾಲಪುಟದ ಸ್ಕ್ರೀನ್‌ಶಾಟ್ ಪಡೆಯುವ ಉಪಕರಣವೊಂದಕ್ಕೆ ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಒಳಗೆ ಕೆಲಸ ಮಾಡುವುದು ಪ್ಲೇರೈಟ್, ಅಂದರೆ ಬ್ರೌಸರನ್ನು ಕೋಡ್‌ನಿಂದ ನಡೆಸುವ ತಂತ್ರಾಂಶ. ಓದುವವರು ಪುಣೆಯಲ್ಲಿರುವ ಕನ್ನಡಿಗರು, ಹೆಚ್ಚಿನವರು ಬೆಳಗಾವಿ, ವಿಜಯಪುರ, ಸೊಲ್ಲಾಪುರದ ಕಡೆಯವರು. ಕರಡಿನಲ್ಲಿ ಸ್ಕ್ರೀನ್‌ಶಾಟ್‌ಗೆ ‘ಪರದೆಚಿತ್ರ’, ಸ್ನ್ಯಾಪ್‌ಶಾಟ್‌ಗೆ ‘ಕ್ಷಣಚಿತ್ರ’, ವ್ಯೂಪೋರ್ಟ್‌ಗೆ ‘ಪರದೆಯ ಅಳತೆ’ ಎಂದಿದೆ. ಬಟನ್ ಮೇಲೆ ‘ಚಿತ್ರ ತೆಗೆ’ ಎಂದಿದೆ. ಬ್ರೌಸರ್ ಕಣ್ಣಿಗೆ ಕಾಣದಂತೆ ಓಡುವ ‘ಹೆಡ್‌ಲೆಸ್’ ಎಂಬುದಕ್ಕೆ ಯಾವ ಪದವೂ ಹೊಂದಿಲ್ಲ. ಏಜೆಂಟ್ ಎಂದರೆ ವಿಮೆಯವರು ನೆನಪಾಗುತ್ತಾರೆ ಎಂಬ ಆಕ್ಷೇಪವೂ ಇದೆ. ಬಲ್ಲವರು ತಿಳಿಸಬೇಕು.

ಹಿಂಜವಡಿ, ಪುಣೆ

————

ಉತ್ತರ:

ಮೊದಲು ‘ಕ್ಷಣಚಿತ್ರ’ವನ್ನು ಕೈಬಿಡಿ, ಉಳಿದದ್ದೆಲ್ಲ ಆಮೇಲೆ. ಪ್ಲೇರೈಟ್‌ನ ಎಂಸಿಪಿ ಸರ್ವರ್‌ನಲ್ಲಿ (ಏಜೆಂಟಿಗೆ ಬ್ರೌಸರಿನ ಉಪಕರಣಗಳನ್ನು ಒದಗಿಸುವ ಭಾಗ) ಸ್ನ್ಯಾಪ್‌ಶಾಟ್ ಎಂದರೆ ಚಿತ್ರವೇ ಅಲ್ಲ. ಅದು ಪುಟದ ಆಕ್ಸೆಸಿಬಿಲಿಟಿ ಟ್ರೀ, ಅಂದರೆ ಪುಟದಲ್ಲಿ ಏನೇನಿದೆ ಎಂಬ ಪಟ್ಟಿ, ಬರೀ ಪಠ್ಯ: ಇದು ಬಟನ್, ಇದರ ಹೆಸರು ‘ಮುಂದುವರಿಯಿರಿ’, ಇದರ ಗುರುತು ಇಂಥದ್ದು ಎಂಬ ಸಾಲುಗಳು. ಏಜೆಂಟ್ ಕ್ಲಿಕ್ ಮಾಡುವುದು ಆ ಗುರುತನ್ನು ಹಿಡಿದು. ಸ್ಕ್ರೀನ್‌ಶಾಟ್ ಇರುವುದು ಮುಖ್ಯವಾಗಿ ನೋಡುವುದಕ್ಕೆ. ಎರಡಕ್ಕೂ ‘ಚಿತ್ರ’ ಅಂಟಿಸಿದರೆ ಓದುಗ ತಪ್ಪು ತಿಳಿಯುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಉಪಕರಣದ ವಿವರಣೆಯನ್ನು ಏಜೆಂಟನ್ನು ನಡೆಸುವ ಎಐ ಮಾಡೆಲ್ ಕೂಡ ಓದುತ್ತದೆ. ಯಾವ ಉಪಕರಣವನ್ನು ಯಾವಾಗ ಕರೆಯಬೇಕೆಂದು ಅದು ತೀರ್ಮಾನಿಸುವುದೇ ಆ ನಾಲ್ಕು ಸಾಲುಗಳಿಂದ. ಅಲ್ಲಿ ಎರಡೂ ‘ಚಿತ್ರ’ ಎಂದಿದ್ದರೆ, ಕ್ಲಿಕ್ ಮಾಡುವ ಮೊದಲು ಪಠ್ಯ ಕೇಳಬೇಕಾದಲ್ಲಿ ಅದು ಚಿತ್ರ ಕೇಳಿ, ಚಿತ್ರದಲ್ಲಿ ಬಟನ್ ಎಲ್ಲಿದೆಯೆಂದು ಊಹಿಸಬಹುದು. ಸ್ನ್ಯಾಪ್‌ಶಾಟ್‌ಗೆ ‘ಪುಟದ ರಚನೆ’ ಎನ್ನಿ. ಕ್ಯಾನ್ವಾಸ್ (ಪುಟದೊಳಗೆ ಕೋಡ್‌ನಿಂದ ಚಿತ್ರ ಬಿಡಿಸುವ ಜಾಗ) ಮೇಲೆ ಬಿಡಿಸಿದ ನಕ್ಷೆ, ಗ್ರಾಫ್‌ಗಳ ಒಳವಿವರ ಸಾಮಾನ್ಯವಾಗಿ ಈ ರಚನೆಯಲ್ಲಿ ಬರುವುದಿಲ್ಲ, ಅಲ್ಲಿ ಸ್ಕ್ರೀನ್‌ಶಾಟೇ ಬೇಕು ಎಂದೂ ಒಂದು ಸಾಲು ಸೇರಿಸಿ.

ಸ್ಕ್ರೀನ್‌ಶಾಟ್ ಹಾಗೇ ಇರಲಿ. ‘ಪರದೆಚಿತ್ರ’ ಕೇಳಲು ಚೆನ್ನ, ಆದರೆ ಇಲ್ಲಿ ದಾರಿ ತಪ್ಪಿಸುತ್ತದೆ. ಫುಲ್‌ಪೇಜ್ ಆಯ್ಕೆ ಕೊಟ್ಟಾಗ ಸಿಗುವುದು ಮೇಲಿನಿಂದ ಕೆಳಗಿನವರೆಗಿನ ಇಡೀ ಪುಟ. ಅದನ್ನು ‘ಪೂರ್ಣ ಪರದೆಚಿತ್ರ’ ಎಂದರೆ ಫುಲ್‌ಸ್ಕ್ರೀನ್ ಎಂದೇ ಅರ್ಥವಾಗುತ್ತದೆ. ‘ಇಡೀ ಪುಟದ ಸ್ಕ್ರೀನ್‌ಶಾಟ್’ ಸಾಕು. ಅದರ ಕೆಳಗೇ ಎಚ್ಚರಿಕೆ ಬರಲಿ: ಕೆಳಗೆ ಸರಿಸಿದಾಗಷ್ಟೇ ಲೋಡ್ ಆಗುವ ಚಿತ್ರಗಳ ಜಾಗ ಖಾಲಿ ಬರಬಹುದು, ಆದ್ದರಿಂದ ಮೊದಲು ಪುಟದ ತುದಿಯವರೆಗೆ ಸ್ಕ್ರಾಲ್ ಮಾಡಿಸಿ.

‘ಚಿತ್ರ ತೆಗೆ’ ನಿಮ್ಮ ಓದುಗರಿಗಂತೂ ಬೇಡ. ‘ಬಾಗ್ಲಾ ತಗಿ’ ಅನ್ನುವ ಸೀಮೆಯವರಿಗೆ ತೆಗೆ ಎಂದರೆ ತೆರೆ. ಎಲ್ಲ ಕಡೆಯವರಿಗೂ ತೆಗೆ ಎಂದರೆ ತೆಗೆದುಹಾಕು ಎಂದೂ ಹೌದು. ಕಡತದ ಹೆಸರಿನ ಪಕ್ಕದಲ್ಲಿ ಆ ಬಟನ್ ಇದ್ದರೆ ಒತ್ತುವವರು ಹಿಂಜರಿಯುವುದು ಸಹಜ. ‘ಸ್ಕ್ರೀನ್‌ಶಾಟ್ ಪಡೆ’, ‘ತೆರೆ’, ‘ಅಳಿಸು’ ಎಂದು ಮೂರನ್ನೂ ಬೇರೆ ಮಾಡಿ. ‘ಸ್ಕ್ರೀನ್‌ಶಾಟ್ ಹೊಡಿ’ ಮಾತಿನಲ್ಲಿ ಸೊಗಸು, ಕೈಪಿಡಿಗೆ ಅಲ್ಲ.

ವ್ಯೂಪೋರ್ಟ್ ಪರದೆಯ ಅಳತೆಯಲ್ಲ. ಪುಟ ಕಾಣುವ ಭಾಗದ ಅಳತೆ. ‘ನೋಟದ ಚೌಕಟ್ಟು’ ಎನ್ನಬಹುದು, ಮೊದಲ ಸಲ ವ್ಯೂಪೋರ್ಟ್ ಎಂಬ ಪದವನ್ನೂ ಜೊತೆಗೆ ಬರೆಯಿರಿ. ಪ್ಲೇರೈಟ್‌ನಲ್ಲಿ ಇದು ತಾನಾಗಿ 1280×720, ಅದೇ ಬಗೆಯ ಇನ್ನೊಂದು ತಂತ್ರಾಂಶವಾದ ಪಪೆಟಿಯರ್‌ನಲ್ಲಿ 800×600. ಪಪೆಟಿಯರ್‌ನಿಂದ ಬಂದವರಿಗೆ ಇಲ್ಲೇ ಪುಟದ ವಿನ್ಯಾಸ ಬದಲಾಗಿ ಕಾಣುವುದು. ‘ಪಿಕ್ಸೆಲ್’ ಎಂದಷ್ಟೇ ಬರೆಯದೆ ಸಿಎಸ್‌ಎಸ್ ಪಿಕ್ಸೆಲ್ (ಪುಟದ ವಿನ್ಯಾಸದ ಅಳತೆ) ಯಾವುದು, ಚಿತ್ರದ ಪಿಕ್ಸೆಲ್ ಯಾವುದು ಎಂದು ಪ್ರತಿಸಲವೂ ಹೇಳಿ. ಡಿವೈಸ್ ಸ್ಕೇಲ್ ಫ್ಯಾಕ್ಟರ್ (ಒಂದು ಸಿಎಸ್‌ಎಸ್ ಪಿಕ್ಸೆಲ್‌ನ ಅಗಲಕ್ಕೆ ಚಿತ್ರದ ಎಷ್ಟು ಪಿಕ್ಸೆಲ್ ಎಂಬ ಸಂಖ್ಯೆ) 2 ಇದ್ದರೆ 1280×720ರ ಚೌಕಟ್ಟಿಗೆ 2560×1440ರ ಚಿತ್ರ ಬರುತ್ತದೆ. ಮಾಡೆಲ್ ಆ ಚಿತ್ರದಲ್ಲಿ 1200, 400 ಎಂದು ತೋರಿಸಿದ ಜಾಗ ಮೌಸ್‌ಗೆ 600, 200. ಭಾಗಿಸುವುದನ್ನು ಮರೆತರೆ ಕ್ಲಿಕ್ ಬೇರೆಲ್ಲೋ ಬೀಳುತ್ತದೆ, ದೋಷಸಂದೇಶವೂ ಬರಬೇಕೆಂದಿಲ್ಲ. ಸ್ಕ್ರೀನ್‌ಶಾಟ್‌ನ ಸ್ಕೇಲ್ ಆಯ್ಕೆಗೆ ಸಿಎಸ್‌ಎಸ್ ಎಂದು ಕೊಟ್ಟರೆ ಎರಡೂ ಅಳತೆ ಒಂದೇ ಆಗುತ್ತವೆ. ಕೈಪಿಡಿಯ ಉದಾಹರಣೆಗಳಲ್ಲೆಲ್ಲ ಅದನ್ನೇ ಬಳಸುವುದು ಒಳ್ಳೆಯದು.

ಹೆಡ್‌ಲೆಸ್‌ಗೆ ‘ಕಿಟಕಿ ತೋರಿಸದೆ’ ಎನ್ನಿ: ‘ಬ್ರೌಸರ್ ಕಿಟಕಿ ತೋರಿಸದೆ ಓಡುತ್ತದೆ’. ಏಜೆಂಟ್ ಬದಲಿಸಬೇಡಿ, ‘ಎಐ ಏಜೆಂಟ್’ ಎಂದು ಜೋಡಿಯಾಗಿ ಬರೆದರೆ ವಿಮೆಯ ನೆನಪು ಬರುವುದಿಲ್ಲ. ಆಯ್ಕೆಗಳ ಹೆಸರನ್ನು ಮಾತ್ರ ಯಾವ ಕಾರಣಕ್ಕೂ ಅನುವಾದಿಸಬೇಡಿ. ಕೋಡ್‌ನಲ್ಲಿ ಇರುವಂತೆಯೇ ಇರಬೇಕು.

ನೀವು ಕೇಳದ ಒಂದು ಸಂಗತಿ, ಆದರೆ ಕನ್ನಡ ಕೈಪಿಡಿಗೂ, ಮುಂದೆ ಮರಾಠಿಯಲ್ಲಿ ಮಾಡಿದರೆ ಅದಕ್ಕೂ ಬೇಕಾದದ್ದು. ಬ್ರೌಸರ್ ಓಡುವ ಡಾಕರ್ ಕಂಟೇನರ್ (ತಂತ್ರಾಂಶವನ್ನು ಪ್ರತ್ಯೇಕವಾಗಿ ಓಡಿಸುವ ಪೊಟ್ಟಣ) ಒಳಗೆ ಕನ್ನಡ ಫಾಂಟ್ ಇಲ್ಲದಿದ್ದರೆ, ಪುಟವೂ ತನ್ನದೇ ಫಾಂಟ್ ಕಳಿಸದಿದ್ದರೆ, ಸ್ಕ್ರೀನ್‌ಶಾಟ್‌ನಲ್ಲಿ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಬರುತ್ತವೆ. ಪುಟದ ರಚನೆಯಲ್ಲಿ ಪಠ್ಯ ಸರಿಯಾಗೇ ಇರುವುದರಿಂದ ತಪ್ಪು ಬೇಗ ಗೊತ್ತಾಗುವುದಿಲ್ಲ. ಡೆಬಿಯನ್ ಲಿನಕ್ಸ್ ಆಧಾರದ ಡಾಕರ್ ಇಮೇಜ್‌ನಲ್ಲಿ (ಕಂಟೇನರಿನ ಅಚ್ಚು) ‘ಫಾಂಟ್ಸ್-ನೋಟೋ-ಕೋರ್’ ಪ್ಯಾಕೇಜ್ ಹಾಕಿದರೆ ಕನ್ನಡವೂ ದೇವನಾಗರಿಯೂ ಒಟ್ಟಿಗೆ ಬರುತ್ತವೆ. ಆಮೇಲೆ ‘ಕ್ಷ’, ‘ಸ್ತ್ರೀ’, ‘ಅರ್ಥ’ ಇರುವ ಒಂದು ಸಾಲಿನ ಪುಟದ ಸ್ಕ್ರೀನ್‌ಶಾಟ್ ಪಡೆದು ಕಣ್ಣಿಂದಲೇ ನೋಡಿ. ಕೈಪಿಡಿಯಲ್ಲಿ ಈ ದೋಷಕ್ಕೆ ‘ಚೌಕ ಬರುವುದು’ ಎಂದೇ ತಲೆಬರಹ ಕೊಡಿ, ಹುಡುಕುವವರು ಹುಡುಕುವುದು ಅದೇ ಮಾತಿನಲ್ಲಿ.

ಡೊಂಬಿವಲಿ