ಶನಿವಾರ ಸಂಜೆ ಶಾಲೆ ಮೈದಾನ ಎಲ್ಲರಿಗೂ ತೆರೆಯಬೇಕು, ಪೋಷಕರ ಸಂಘದಿಂದ ಹೇಗೆ ಮಾಡೋದು?

ರಾಜಾಜಿನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಆರನೇ ಕ್ಲಾಸು, ಅನುದಾನಿತ ಶಾಲೆ. ನಮ್ಮ ರಸ್ತೆಯ ಎರಡೂ ಕಡೆ ಕಾರು ನಿಂತಿರುತ್ತವೆ, ಪಾರ್ಕಿಗೆ ಹೋದರೆ ಚೆಂಡು ತರಬೇಡಿ ಅಂತಾರೆ. ಶಾಲೆ ಮೈದಾನ ಮಾತ್ರ ಶನಿವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಬೀಗ ಹಾಕಿ ಖಾಲಿ ಬಿದ್ದಿರುತ್ತದೆ. ಅದಕ್ಕೇ ಪೋಷಕರ ಸಭೆಯಲ್ಲಿ ಕೇಳಿದೆ, ಶನಿವಾರ ಸಂಜೆ ಎರಡು ಗಂಟೆ ಬಿಟ್ಟುಕೊಡಿ, ಸುತ್ತಮುತ್ತಲಿನ ಮನೆಯ ಮಕ್ಕಳು, ದೊಡ್ಡವರು ಎಲ್ಲರೂ ಬಂದು ಆಡಲಿ ಅಂತ. ಹೆಡ್‌ಮಿಸ್‌ಗೆ ಮನಸ್ಸಿದೆ. ಆದರೆ ಯಾರಾದರೂ ಬಿದ್ದರೆ ಯಾರು ಹೊಣೆ, ಗೇಟು ಯಾರು ನೋಡಿಕೊಳ್ತಾರೆ ಅಂತ ಕೇಳಿದರು. ಕೆಲವು ಪೋಷಕರಿಗೆ ಹೊರಗಿನವರು ಬರೋದೇ ಇಷ್ಟ ಇಲ್ಲ. ನಡೆಸಿದ ಅನುಭವ ಇರೋರು ದಯವಿಟ್ಟು ಹೇಳಿ.

ನಿವೃತ್ತ ಪಿ.ಟಿ. ಮೇಷ್ಟ್ರು:
ಮೇಡಂ, ಮೊದಲು ಸಂಘದ ಸಭೆಯಲ್ಲಿ ಠರಾವು ಮಾಡಿಸಿ, ಆಮೇಲೆ ಆಡಳಿತ ಮಂಡಳಿಯಿಂದ ಲಿಖಿತ ಒಪ್ಪಿಗೆ ತಗೊಳ್ಳಿ. ಬಾಯಿಮಾತಿನ ಒಪ್ಪಿಗೆ ಹೆಡ್‌ಮಿಸ್ ಬದಲಾದ ದಿನವೇ ಮುಗಿಯುತ್ತದೆ. ಯಾವ ದಿನ, ಎಷ್ಟು ಹೊತ್ತು, ಯಾವ ಗೇಟು, ಯಾವ ಶೌಚಾಲಯ, ಬೀಗದಕೈ ಯಾರ ಹತ್ತಿರ, ಎಲ್ಲ ಅದರಲ್ಲೇ ಬರಲಿ. ಬೀಗದಕೈ ಇಬ್ಬರ ಹತ್ತಿರ ಇರಬೇಕು. ಒಬ್ಬರೇ ಆದರೆ ಅವರ ಮನೆ ಮದುವೆ ದಿನ ಮಕ್ಕಳು ಗೇಟಿನ ಹೊರಗೆ ನಿಂತಿರ್ತಾರೆ.

ಸರ್ಕಾರಿ ಶಾಲೆಯವರು ಇದನ್ನು ಓದ್ತಿದ್ದರೆ, ನಿಮ್ಮದು ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಮೂಲಕ ಹೋಗಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ನಿಮ್ಮ ಮಾತಿಗೆ ಅಲ್ಲಿ ತೂಕ ಇದೆ.

ಗೇಟಿನಲ್ಲಿ ಒಂದು ಪುಸ್ತಕ ಇಡಿ, ಬಂದವರು ಹೆಸರು, ಫೋನ್ ನಂಬರ್ ಬರೆಯಲಿ. ಸಣ್ಣ ಮಕ್ಕಳ ಜೊತೆ ಮನೆಯವರೊಬ್ಬರು ಇರಲೇಬೇಕು. ಫಸ್ಟ್ ಏಡ್ ಡಬ್ಬಿ ಇಡಿ, ಹೆಚ್ಚಿನ ಪೆಟ್ಟಾದರೆ 108ಕ್ಕೆ ಫೋನ್ ಮಾಡಿ. ಮೈಕ್ ಬೇಡವೇ ಬೇಡ. ಅದಕ್ಕೆ ಬೇರೆ ಅನುಮತಿ ಬೇಕು, ಜೊತೆಗೆ ಅಕ್ಕಪಕ್ಕದವರ ಜಗಳ. ಒಂದು ಸೀಟಿ ಸಾಕು.

ವಿಜಯನಗರದ ಅಜ್ಜಿ:
ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದರೆ ಆಟ ಯಾವುದು ಅನ್ನೋದೂ ಮುಖ್ಯ ಕಣಮ್ಮ. ಬರೀ ಕ್ರಿಕೆಟ್ ಇಟ್ಟರೆ ದೊಡ್ಡ ಹುಡುಗರು ಇಡೀ ಮೈದಾನ ಹಿಡಿದುಬಿಡ್ತಾರೆ, ಹೆಣ್ಣುಮಕ್ಕಳು ಅಂಚಲ್ಲಿ ನಿಂತು ನೋಡಿ ಮನೆಗೆ ಹೋಗ್ತಾರೆ. ನಮ್ಮಲ್ಲಿ ಮೊದಲ ಒಂದು ಗಂಟೆ ಲಗೋರಿ, ಖೊಖೊ, ಕುಂಟೆಬಿಲ್ಲೆ ಮಾತ್ರ. ಲಗೋರಿಗೆ ಚಪ್ಪಟೆ ಕಲ್ಲು ಏಳು, ಒಂದು ರಬ್ಬರ್ ಚೆಂಡು, ಅಷ್ಟೇ ಖರ್ಚು. ಓಡೋಕೆ ಆಗದ ನಮ್ಮಂಥವರು ಜಗುಲಿ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು ಚೌಕಾಬಾರ ಆಡ್ತೀವಿ. ಕವಡೆ ಇಲ್ಲದಿದ್ದರೆ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಳ್ಳಿ, ನಾಲ್ಕು ಬೀಜ ಸಾಕು. ಮಕ್ಕಳು ಉಜ್ಜೋಕೇ ಸಾಲಾಗಿ ಕೂತುಬಿಡ್ತಾರೆ. ಹೊರಗಿನವರು ಅಂತ ಮುಖ ತಿರುಗಿಸ್ತಿದ್ದ ತಾಯಂದಿರು ಎದುರು ಕೂತು ಕಾಯಿ ಹೊಡೆದಾಡಿಕೊಂಡ ಮೇಲೆ ಯಾರು ಹೊರಗಿನವರು, ಅಲ್ವಾ?

ಎರಡು ಮಕ್ಕಳ ಅಪ್ಪ, ಯಲಹಂಕ:
ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ಪ್ರವೇಶಕ್ಕೆ ದುಡ್ಡು ಇಡಲೇಬೇಡಿ. ಹತ್ತು ರೂಪಾಯಿ ಇಟ್ಟರೂ ಮನೆಗೆಲಸದವರ ಮಕ್ಕಳು, ಕಟ್ಟಡ ಕೆಲಸದವರ ಮಕ್ಕಳು ಬರೋದು ನಿಲ್ಲಿಸ್ತಾರೆ, ಅವರಿಗೇ ಮೈದಾನ ಜಾಸ್ತಿ ಬೇಕಾಗಿರೋದು. ನೀರಿನ ಕ್ಯಾನ್, ವಾಚ್‌ಮನ್‌ಗೆ ಸಂಜೆಯ ದುಡ್ಡು, ಇಷ್ಟನ್ನು ಸಂಘದಿಂದ ಕೊಡಿ, ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿ. ಕಪ್ಪು, ಬಹುಮಾನ ಸಹ ಬೇಡ ಅಂತ ನನ್ನ ಅಭಿಪ್ರಾಯ, ಬಂದರೆ ಕೋಚಿಂಗ್ ಹುಡುಗರದ್ದೇ ಆಟ ಆಗುತ್ತದೆ. ಇನ್ನೊಂದು, ಏಪ್ರಿಲ್ ಮೇನಲ್ಲಿ ಸಂಜೆ ಹೊತ್ತಿಗೇ ಗುಡುಗು ಮಳೆ ಬರುತ್ತದೆ. ಗುಡುಗು ಕೇಳಿದ ತಕ್ಷಣ ಎಲ್ಲರನ್ನೂ ಒಳಗೆ ಕರೆಯಬೇಕು, ಅದಕ್ಕೆ ಒಂದು ಕ್ಲಾಸ್‌ರೂಮ್ ಬೀಗದಕೈಯನ್ನೂ ಈಗಲೇ ಕೇಳಿಟ್ಟುಕೊಳ್ಳಿ.

ರಾಜಾಜಿನಗರದ ಅಮ್ಮ:
ತುಂಬಾ ಥ್ಯಾಂಕ್ಸ್. ಕ್ಲಾಸ್‌ರೂಮ್ ವಿಷಯ ನನಗೆ ಹೊಳೆದೇ ಇರಲಿಲ್ಲ, ಠರಾವಿನಲ್ಲೇ ಸೇರಿಸ್ತೀನಿ. ಅಜ್ಜಿ, ಖೊಖೊಗೆ ಕಂಬ ನೆಡೋಕೆ ಶಾಲೆಯವರು ಬಿಡದಿದ್ದರೆ ಏನು ಮಾಡ್ತೀರಿ?

ವಿಜಯನಗರದ ಅಜ್ಜಿ:
ಎರಡು ಕಡೆ ಒಬ್ಬೊಬ್ಬ ಅಪ್ಪನ್ನ ನಿಲ್ಲಿಸಿಬಿಡಿ, ಸಣ್ಣ ಮಕ್ಕಳ ಆಟಕ್ಕೆ ಅಷ್ಟು ಸಾಕು.